ಇಂಗ್ಲಿಷಿನಲ್ಲಿ ಎಣಿಸಿದ ಕುರಿಗಳು

ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿತ್ತು. ನಡೆದ ಅನಾಹುತಕ್ಕೆ ಮೂಲ ಅದೇ ಎಂದರೆ ಯಾರಾದರೂ ನಕ್ಕಾರು. ಆದರೆ ಬೇರೆ ಎಲ್ಲಿಂದ ಶುರು ಮಾಡಲಿ ಎಂದು ಎಷ್ಟು ಯೋಚಿಸಿದರೂ ನನಗೆ ತೋಚುವುದು ಇದೊಂದೇ.

ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಮಡಕಶಿರಾ ಕಡೆಯ ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿಯನ್ನು ಅಷ್ಟು ದೂರದ ಹಾಸ್ಟೆಲಿಗೆ ಹಾಕಿದ್ದು ನನ್ನ ಅಪ್ಪನ ಒಂದು ಹುಚ್ಚು. ಅಲ್ಲಿಯ ಸಿಸ್ಟರ್ಸ್ ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ನಮ್ಮ ಬೆರಳು ಹಿಡಿದು ಕರ್ಸಿವ್ ಬರೆಸಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ನಿನ್ನ ಅಭಿಪ್ರಾಯ ಏನಿದ್ದರೂ ಕಾಂಪೊಸಿಷನ್ ಕ್ಲಾಸಿಗೆ ಇಟ್ಟುಕೋ ಅನ್ನುತ್ತಿದ್ದರು ಡಿಕ್ಟೇಶನ್ ಕೊಡುವ ಸಿಸ್ಟರ್. ಆ ಮಾತನ್ನು ನಾನು ಗಡಿಯಾಚೆ ಆಂಧ್ರದ ರಾಯದುರ್ಗಕ್ಕೆ ಮದುವೆಯಾಗಿ ಬಂದಾಗಲೂ ಜೊತೆಗೆ ತಂದೆ, ಇಲ್ಲಿಯ ಇಂಗ್ಲಿಷ್ ಮೀಡಿಯಂ ಶಾಲೆಯ ಮಕ್ಕಳಿಗೂ ವರ್ಷಗಟ್ಟಲೆ ಅದನ್ನೇ ಹೇಳಿದೆ. ರಿಟೈರ್ ಆಗಿ, ಯಜಮಾನರೂ ಹೋದ ಮೇಲೆ, ಹೊತ್ತು ಹೋಗದೆ ಕೂತಿದ್ದಾಗ ಆ ಹುಡುಗ ಬಂದ.

ಅದು ಗಾರ್ಮೆಂಟಿನ ಕಾಲ. ಅದಿರು ಲಾರಿಗಳ ಓಡಾಟ ಕಡಿಮೆಯಾಗಿತ್ತು. ಊರಿನ ಒಂದೊಂದು ಓಣಿಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು ಎದ್ದಿತ್ತು. ಬೆಳಗ್ಗೆ ಗುಮ್ಮಘಟ್ಟ ರಸ್ತೆಯಲ್ಲಿ ನಿಂತರೆ ಷೇರ್ ಆಟೋಗಳಲ್ಲಿ ಹೆಂಗಸರು ಒಬ್ಬರ ಮಡಿಲಲ್ಲಿ ಒಬ್ಬರು ಎಂಬಂತೆ ತುಂಬಿಕೊಂಡು ಬರುವುದು ಕಾಣುತ್ತಿತ್ತು. ಗಂಡಸರು ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೆ, ಹೆಂಗಸರು ಹೊಲಿಗೆಗೆ. ಆ ಶೆಡ್ಡುಗಳನ್ನೆಲ್ಲ ಒಂದು ಕಡೆ ಸೇರಿಸಿ ದೊಡ್ಡ ಗಾರ್ಮೆಂಟ್ ಎಸ್ಟೇಟ್ ಮಾಡುತ್ತಾರಂತೆ ಅನ್ನುವ ಸುದ್ದಿಯೂ ಇತ್ತು.

ಹುಡುಗ ಹೈದರಾಬಾದಿನವನು. ಭೂಮಿಯನ್ನು ಯಾವುದಕ್ಕೆ ಬಳಸಬೇಕು ಎಂದು ಪ್ಲಾನ್ ಮಾಡಿಕೊಡುವ ಯಾವುದೋ ಕಂಪನಿಯ ಕೆಲಸ. ನಮ್ಮ ಮನೆಯ ಹೊಸ್ತಿಲಲ್ಲಿ ಶೂ ಬಿಚ್ಚಿಟ್ಟು, ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ತೆಲುಗು ಇಂಗ್ಲಿಷ್ ಬೆರೆಸಿ ನನಗೆ ಮ್ಯಾಪ್ ತೋರಿಸಿದ. ಹಳದಿ ಬಣ್ಣದ ಜಾಗ ಸೋಲಾರಿಗೆ. ನೇರಳೆ ಬಣ್ಣ ಗಾರ್ಮೆಂಟ್ ಎಸ್ಟೇಟಿಗೆ. ಎಸ್ಟೇಟ್ ಅಂದರೆ ಬಾಯ್ಲರ್, ಬಟ್ಟೆ ತೊಳೆಯುವ ಯಂತ್ರ, ಲಾರಿ, ಜನರೇಟರ್. ಅವು ಬಿಡುವ ಹೊಗೆಯ ಕಾರ್ಬನ್ನನ್ನು ಹೀರಿಕೊಳ್ಳಲು ಹಸಿರು ಬಣ್ಣದ ಜಾಗದಲ್ಲಿ ಗಿಡ ನೆಡಬೇಕು.

“ಗ್ರೋತ್ ಬೇಕು ಮೇಡಂ, ಎಮಿಷನ್ ಬೇಡ. ಎರಡನ್ನೂ ಒಂದೇ ಮ್ಯಾಪಲ್ಲಿ ಕೂರಿಸೋದೇ ನಮ್ಮ ಕೆಲಸ,” ಅಂದ.

ಸುಳ್ಳು ಯಾಕೆ ಹೇಳಲಿ, ನನಗೆ ಅದು ಇಷ್ಟವಾಯಿತು. ಕಂಡಲ್ಲಿ ಕಂಡದ್ದನ್ನು ಕಟ್ಟುತ್ತಾ ಹೋಗುವ ನಮ್ಮ ಊರಿನಲ್ಲಿ ಒಬ್ಬರಾದರೂ ಕೂತು, ಮುಂದಿನವರ ಉಸಿರಿನ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದಾರಲ್ಲ ಅನ್ನಿಸಿತು. ಹಾಗೆ ಯೋಚಿಸುವವರು ಬೇಕು ಎಂದು ಇವತ್ತಿಗೂ ನಂಬಿದ್ದೇನೆ. ಅದೇ ನನ್ನ ಸಂಕಟ.

ಯಾವ ಜಾಗವನ್ನು ಎಷ್ಟು ಜನ, ಎಷ್ಟು ದನಕರು ನೆಚ್ಚಿಕೊಂಡಿವೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕಿತ್ತು. ಫಾರಂ ಇಂಗ್ಲಿಷಿನಲ್ಲಿ, ಆಫೀಸು ತೆಲುಗಿನಲ್ಲಿ, ಊರಿನವರು ಕನ್ನಡದಲ್ಲಿ. ಮೂರೂ ಬರುವವಳು ಬೇಕು. “ಸ್ಕೂಲ್ ರಿಜಿಸ್ಟರಲ್ಲಿ ನಿಮ್ಮ ಹ್ಯಾಂಡ್‌ರೈಟಿಂಗ್ ನೋಡಿದೆ ಮೇಡಂ, ಪ್ರಿಂಟ್ ಇದ್ದಂಗಿದೆ,” ಅಂದ. ಒಪ್ಪಿಕೊಂಡೆ.

ಗುಮ್ಮಘಟ್ಟ ರಸ್ತೆಯಲ್ಲಿ ನಮ್ಮದು ಸ್ವಲ್ಪ ಒಣಭೂಮಿ ಇತ್ತು. ಅದರ ಪಕ್ಕದ ಹಳ್ಳಿಯಲ್ಲಿ ಕುರಿ ಸಾಕುವ ಮನೆಗಳೇ ಹೆಚ್ಚು. ಅಲ್ಲಿಯ ಒಬ್ಬಾಕೆ ಪ್ರತಿ ವರ್ಷ ತನ್ನ ಮಂದೆಯನ್ನು ನಮ್ಮ ಹೊಲದಲ್ಲಿ ನಿಲ್ಲಿಸುತ್ತಿದ್ದಳು. ಕುರಿ ಮಲಗಿ ಎದ್ದ ಮಣ್ಣಿಗೆ ಬೇರೆ ಗೊಬ್ಬರ ಬೇಡ. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ಆಕೆಯ ಮಗಳು ನನ್ನ ಕ್ಲಾಸಿನಲ್ಲಿ ಓದಿ, ಮದುವೆಯಾಗಿ ಹೋಗಿದ್ದಳು. ಮನಸ್ಸಿನಲ್ಲಿ ನಾನು ಆಕೆಯನ್ನು ಕುರಿಯಾಕೆ ಎಂದೇ ಕರೆಯುತ್ತಿದ್ದೆ. ಆ ಹಳ್ಳಿಯ ಹಿಂದೆ ಗುಡ್ಡದ ಇಳಿಜಾರಿನಲ್ಲಿ ಹುಲ್ಲುಗಾವಲು, ಅವರ ಬಾಯಲ್ಲಿ ಬರೀ ಕಾವಲು. ಕರಡ ಹುಲ್ಲು, ಬಂದರಿಕೆ, ಕಾರೆಗಿಡ. ಸರ್ಕಾರದ ಕಾಗದದಲ್ಲಿ ಅದು ಬಂಜರು.

ನಾನು ಫಾರಂ ಹಿಡಿದು ಹೋದ ದಿನ ಗಂಡಸರು ಯಾರೂ ಇರಲಿಲ್ಲ. ಗದ್ದೆ ಕೊಯ್ಲು ಮುಗಿದಿತ್ತು. ಕಾಲುವೆ ಕೆಳಗಿನ ಕೂಳೆ ಮೇಯಿಸಲು ದೊಡ್ಡ ಕುರಿಗಳನ್ನು ಹೊಡೆದುಕೊಂಡು ಬೊಮ್ಮನಹಾಳ್ ಕಡೆ ಹೋಗಿದ್ದರು. ಕುರಿಯಾಕೆ ಅಂಗಳ ಗುಡಿಸುತ್ತಿದ್ದಳು.

“ಕುರಿ ಎಷ್ಟಿದಾವಮ್ಮ?” ಅಂದೆ.

ಪೊರಕೆ ನಿಂತಿತು. “ಏನೋ ಅದಾವ್ರಿ ಟೀಚರಮ್ಮ, ಹತ್ತರೊಳಗ.”

“ಹತ್ತರೊಳಗೆ ಅಂದ್ರೆ ಎಷ್ಟು ಅಂತ ಬರೀಲಿ?”

“ಒಂದೆಂಟು ಬರಕೊಳ್ರಿ. ನಿಮಗ್ಯಾಕ ತ್ರಾಸು.”

ಒಳಗಿನಿಂದ ಆಕೆಯ ಅತ್ತೆಯ ದನಿ ಬಂತು. “ಎಂಟು ಯಾಕ ಅಂತಿ? ಆರು ಅನ್ನು.”

“ಆರೇ ಬರಕೊಳ್ರಿ,” ಅಂದಳು ಸೊಸೆ, ನಗುವನ್ನು ಸೆರಗಿನಲ್ಲಿ ಒತ್ತಿಕೊಂಡು. “ನಮ್ಮತ್ತಿ ಸಿಟ್ಟಾಗ್ತಾಳ.”

ಕುರಿ ಸಾಕುವವರು ಮಂದೆಯ ಎಣಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗಿನವರಿಗೆ ಹೇಳುವುದಿರಲಿ, ತಾವೂ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ, ಎಣಿಸಿದರೆ ಕುರಿಗೆ ರೋಗ. ಸಂಜೆ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾರೆ. ಯಾವುದು ಬಂದಿಲ್ಲ ಎಂದು ಮುಖದಿಂದಲೇ ತಿಳಿಯುತ್ತದೆ. ಇದು ನನಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಆ ಮಂದೆ ನಮ್ಮ ಹೊಲ ತುಂಬಿ ಬದುವಿನಾಚೆ ಚೆಲ್ಲುವುದನ್ನು ಕಣ್ಣಾರೆ ಕಂಡವಳು ನಾನು. ಅವತ್ತು ಬರೆಯುತ್ತಿದ್ದಾಗ ರೊಪ್ಪದೊಳಗಿಂದ ಮರಿಗಳ ಕೂಗೇ ನನ್ನ ಮಾತು ಕೇಳದಷ್ಟು ಇತ್ತು.

ಆದರೂ ಆರು ಅಂತ ಬರೆದೆ. ಕಾಲಮ್ಮಿನ ತಲೆಯ ಮೇಲೆ “ಹೇಳಿದಂತೆ” ಎಂದು ಇಂಗ್ಲಿಷಿನಲ್ಲಿ ಇತ್ತು. ಅವರು ಹೇಳಿದ್ದು ಆರು. ಪಕ್ಕದ ಕಾಲಮ್ಮು “ವೆರಿಫೈಡ್”. ಹೋಗಿ ಕಣ್ಣಾರೆ ನೋಡಿ ಟಿಕ್ ಹಾಕಬೇಕಿತ್ತು. ಆಟೋದವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಖಾಲಿ ಬಿಟ್ಟರೆ ಪುಟ ಅಸಹ್ಯವಾಗಿ ಕಾಣುತ್ತದೆ ಅನ್ನಿಸಿ ಟಿಕ್ ಹಾಕಿದೆ. ಮುಂದಿನ ಮನೆಯವರು ನಾಲ್ಕು ಅಂದರು. ಅದರ ಮುಂದಿನವರು ಏಳು. ಒಬ್ಬ ಮುದುಕಿ “ಕುರಿನಾ? ಯಾವ ಕುರಿ?” ಅಂದಳು. ಆಕೆಯ ಹಿಂದೆಯೇ ಮೂರು ನಿಂತಿದ್ದವು. ಅವಳಿಗೆ ನಿಲ್ ಎಂದು ಬರೆದೆ, ನಿಲ್‌ನ ಎನ್ ಅಕ್ಷರ ಎಷ್ಟು ಮುದ್ದಾಗಿ ಬಂದಿತ್ತು ಅಂದರೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಎಲ್ಲ ಪುಟಕ್ಕೂ ಕೆಳಗೆ ಸೈನ್ ಮಾಡಿ ಕೊಟ್ಟೆ. ಹುಡುಗ ತುಂಬಾ ಹೊಗಳಿದ.

ಕೆಲವು ತಿಂಗಳಾದ ಮೇಲೆ ಮಂಡಲ ಆಫೀಸಿನ ಗೋಡೆಗೆ ಡ್ರಾಫ್ಟ್ ಮ್ಯಾಪ್ ಅಂಟಿಸಿದರು. ರಾಯದುರ್ಗದ ಪಕ್ಕ ನೇರಳೆ ಚೌಕ. ಗುಡ್ಡದ ಇಳಿಜಾರಿನ ಕಾವಲು ಪೂರ್ತಿ ಹಸಿರು. ಗಾರ್ಮೆಂಟ್ ಎಸ್ಟೇಟಿನ ಹೊಗೆಗೆ ಸರಿದೂಗಿಸಲು ಅಲ್ಲಿ ಬೇವು, ಹೊಂಗೆ ನೆಟ್ಟು ಸುತ್ತ ತಂತಿಬೇಲಿ. ಕೆಳಗೆ ಸಣ್ಣಕ್ಷರದಲ್ಲಿ ಕಾರಣ ಇತ್ತು. ಹಾಳುಬಿದ್ದ ಭೂಮಿ, ನೆಚ್ಚಿಕೊಂಡ ಜಾನುವಾರು ಅತಿ ಕಡಿಮೆ. ಅದನ್ನು ಎರಡು ಸಲ ಓದಿದೆ. ಆ ಅತಿ ಕಡಿಮೆ ಎಲ್ಲಿಂದ ಬಂತು ಎಂದು ಇಡೀ ಆಫೀಸಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಹೇಳಲು ಹಳ್ಳಿಗೆ ಹೋದೆ. ಗಂಡಸರು ಮರಳಿ ಬಂದಿದ್ದರು. ಕಾವಲು ಹೋದರೆ ವರ್ಷದ ಎಂಟು ತಿಂಗಳು ಕುರಿಗೆ ಬಾಯಿಡಲು ಜಾಗವಿಲ್ಲ. ಗದ್ದೆಯ ಕೂಳೆ ಸಿಗುವುದು ನಾಲ್ಕೇ ತಿಂಗಳು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುರಿಯಾಕೆ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

“ನೀವು ಆರು ಅಂತ ಖರೇನ ಬರದಿದ್ರೇನ್ರಿ?”

“ನೀನೇ ಹೇಳಿದ್ಯಲ್ಲಮ್ಮ.”

“ನಾ ಹೇಳ್ತೀನ್ರಿ. ನಾವು ಹಂಗ ಹೇಳಾದು. ನೀವು ನೋಡೀರಲ್ಲ, ನಿಮ್ಮ ಹೊಲದಾಗ.”

ಆಕೆಯ ಗಂಡ ಕಂಬಳಿ ಕೊಡವಿಕೊಂಡು ಎದ್ದು ಆಚೆ ಹೋದ.

ಒಂದೇ ದಾರಿ ಇತ್ತು. ಆಕ್ಷೇಪಣೆ ಹೇಳಲು ಒಂದು ದಿನ ಇಟ್ಟಿದ್ದರು, ಹಿಯರಿಂಗ್. ಅಲ್ಲಿ ಒಂದೊಂದು ಮನೆಯವರೂ ಬಂದು ತಮ್ಮ ಕುರಿಯ ನಿಜವಾದ ಸಂಖ್ಯೆ ಹೇಳಿ ಬರೆಸಬೇಕು. ಇದನ್ನು ಹೇಳಿದ ಕೂಡಲೇ ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲೇ ಕೂತೆ. ಬಿಸಿಲು ನೆತ್ತಿಗೆ ಬರುವವರೆಗೂ ಕೂತೆ. ಬೇಡಿಕೊಂಡೆ ಅಂದರೂ ತಪ್ಪಿಲ್ಲ. ಹೇಳದಿದ್ದರೆ ಕಾವಲು ಹೋಗುತ್ತದೆ, ಕಾವಲು ಹೋದರೆ ಮಂದೆ ಹೋಗುತ್ತದೆ, ಇಷ್ಟನ್ನೇ ತಿರುಗಿ ತಿರುಗಿ ಹೇಳಿದೆ.

“ನನಗ ಎಷ್ಟು ಅಂತ ಗೊತ್ತೇ ಇಲ್ರಿ,” ಅಂದಳು ಕುರಿಯಾಕೆ ಕಡೆಗೆ. “ಎಣಿಸಿಲ್ಲ ಯಾವತ್ತೂ.”

“ನಾನು ಎಣಿಸ್ತೀನಿ.”

ಆಕೆ ರೊಪ್ಪದ ಕಡೆ ನೋಡಿ, “ಹಂಗಾದ್ರ ಇಂಗ್ಲೀಷ್‌ನಾಗ ಎಣಸ್ರಿ,” ಅಂದಳು. “ಕನ್ನಡದಾಗ ಬ್ಯಾಡ. ತೆಲುಗೂ ಬ್ಯಾಡ, ತೆಲುಗು ಕುರಿಗೂ ತಿಳೀತದ. ಇಂಗ್ಲೀಷ್ ಯಾವ ದೇವರಿಗೂ ಬರಂಗಿಲ್ಲ.”

ಇಂಗ್ಲಿಷಿನಲ್ಲೇ ಪ್ರಾರ್ಥನೆ ಹೇಳಿಸುತ್ತಿದ್ದ ಕಾನ್ವೆಂಟಿನ ಚಾಪೆಲ್ ನೆನಪಾಯಿತು. ಹೇಳಲಿಲ್ಲ.

ಮಾರನೆಯ ಬೆಳಗ್ಗೆ, ಹೊತ್ತು ಹುಟ್ಟಿದ ಮೇಲೆ, ರೊಪ್ಪದ ಮುಳ್ಳಿನ ಗೇಟನ್ನು ಒಂದು ಕುರಿ ದಾಟುವಷ್ಟೇ ಸರಿಸಿದಳು. ನಾನು ಪಕ್ಕದಲ್ಲಿ ನಿಂತೆ. ಒನ್, ಟೂ, ಥ್ರೀ. ಮಕ್ಕಳಿಗೆ ನರ್ಸರಿಯಲ್ಲಿ ಹೇಳಿಸಿದ ಹಾಗೆ, ಆದರೆ ಉಸಿರಿನಲ್ಲೇ. ಕುರಿಗಳು ನನ್ನ ಸೀರೆಗೆ ಮೈ ಉಜ್ಜಿಕೊಂಡು ಹೋದವು. ಸಿಕ್ಸ್ಟಿ ದಾಟಿದ ಮೇಲೆ ಎರಡು ಒಟ್ಟಿಗೇ ನುಗ್ಗಿದವು, ನನಗೆ ತಪ್ಪಿತು.

“ಎರಡು ಹೋದ್ವು, ಎರಡು,” ಅಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಕನ್ನಡದಲ್ಲಿ ಹೇಳಿಬಿಟ್ಟಿದ್ದಳು. ಆಮೇಲೆ ಕೈ ಬೆರಳಷ್ಟೇ ತೋರಿಸಿದಳು.

ಒನ್ ಹಂಡ್ರೆಡ್ ಅಂಡ್ ಎಯ್ಟಿ-ಸೆವೆನ್. ಒಂದು ಚೀಟಿಯಲ್ಲಿ ಬರೆದು ಮಡಚಿದೆ. “ಎಷ್ಟಂತ ನನಗ ಹೇಳಬ್ಯಾಡ್ರಿ,” ಅಂದಳು. ಅವತ್ತೇ ಉಳಿದ ಮನೆಗಳ ರೊಪ್ಪದ ಮುಂದೆಯೂ ಹಾಗೇ ನಿಂತೆ. ಸಂಜೆಗೆ ನನ್ನ ಚೀಲದಲ್ಲಿ ಮನೆಗೊಂದರಂತೆ ಮಡಚಿದ ಚೀಟಿಗಳಿದ್ದವು.

ಹಿಯರಿಂಗಿನ ದಿನ ಮಂಡಲ ಆಫೀಸಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಮ್ಮವರು ನೆಲದ ಮೇಲೇ ಕೂತರು. ಮೇಜಿನ ಆಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಹೈದರಾಬಾದಿನ ಹುಡುಗ. ಮೊದಲು ಕುರಿಯಾಕೆಯ ಸರದಿ. ಕುರಿ ಎಷ್ಟು ಎಂದು ತೆಲುಗಿನಲ್ಲಿ ಕೇಳಿದರು. ನಾನು ಎದ್ದು ಇಂಗ್ಲಿಷಿನಲ್ಲಿ ಹೇಳಿದೆ.

“ನೀವಲ್ಲ ಮೇಡಂ. ಕುರಿ ಯಾರದೋ ಅವರು ಹೇಳಬೇಕು. ರೆಕಾರ್ಡ್ ಆಗ್ತಿದೆ,” ಅಂದರು ಅಧಿಕಾರಿ.

ಚೀಟಿ ಬಿಚ್ಚಿ ಆಕೆಯ ಕಿವಿಯಲ್ಲಿ ಹೇಳಿದೆ. ಆಕೆ ನನ್ನನ್ನು ನೋಡಿದ ನೋಟವನ್ನು ಏನೆಂದು ಬರೆಯಲಿ. ಮೈಮೇಲಿನ ಬಟ್ಟೆ ತೆಗೆಯಲು ಹೇಳಿದವಳನ್ನು ನೋಡುವ ಹಾಗಿತ್ತು.

“ನೂರಾ ಎಂಬತ್ತೇಳು,” ಅಂದಳು. ದನಿ ಸಣ್ಣಗಿತ್ತು. ಇನ್ನೊಮ್ಮೆ ಜೋರಾಗಿ ಹೇಳಲು ಹೇಳಿದರು. ಇನ್ನೊಮ್ಮೆ ಹೇಳಿದಳು.

ಹಿಂದೆ ಕೂತ ಹೆಂಗಸೊಬ್ಬಳು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಆಮೇಲೆ ಒಬ್ಬೊಬ್ಬರೇ ಎದ್ದು ಹೇಳಿದರು. ನಿಲ್ ಅಂತ ಬರೆಸಿದ್ದ ಮುದುಕಿ ಕೂಡ ಕೋಲೂರಿಕೊಂಡು ಎದ್ದು ತನ್ನದನ್ನು ಹೇಳಿ, “ಆತೇನಪ್ಪ ನಿನ್ನ ಮನಸಿಗೆ ತೃಪ್ತಿ?” ಎಂದು ಅಧಿಕಾರಿಯನ್ನೇ ಕೇಳಿದಳು. ಹಾಲಿನಲ್ಲಿ ನಗು ಎದ್ದಿತು. ಅವತ್ತಿನ ನಗು ಅದೊಂದೇ.

ಹುಡುಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಸ್ಕ್ಯಾನ್ ಮಾಡಿದ ನನ್ನ ಪುಟ. ಆರು. ವೆರಿಫೈಡ್, ಟಿಕ್. ಕೆಳಗೆ ಪ್ರಿಂಟ್ ಇದ್ದಂಥ ನನ್ನ ಸಹಿ.

“ಮೇಡಂ, ನಾನು ಯಾವುದನ್ನ ನಂಬಲಿ?”

“ಇವತ್ತು ಹೇಳಿದ್ದನ್ನ. ಅದು ನನ್ನ ತಪ್ಪು. ನೋಡದೆ ಟಿಕ್ ಹಾಕಿದೆ.”

“ಇದು ನೋಡದೆ ಹಾಕಿದ ಟಿಕ್ ಅಂದ್ರೆ ನಿಮ್ಮ ಉಳಿದ ಪುಟಗಳು?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರ ಇತ್ತು. “ಒಂದು ಬಿದ್ರೆ ಎಲ್ಲ ಬೀಳ್ತದೆ ಮೇಡಂ. ಹಸಿರು ಜಾಗ ತೆಗೆದ್ರೆ ಎಸ್ಟೇಟಿಗೆ ಬ್ಯಾಲೆನ್ಸ್ ಎಲ್ಲಿಂದ ತರಲಿ? ಆ ಎಸ್ಟೇಟಿನಲ್ಲಿ ಇದೇ ಊರುಗಳ ಹೆಂಗಸರಿಗೆ ಕೆಲಸ ಇದೆ.”

ಅದೂ ಸುಳ್ಳಲ್ಲ. ಅವತ್ತು ಮನೆಗೆ ಬಂದು ನನ್ನ ತಪ್ಪೊಪ್ಪಿಗೆಯನ್ನು ಎರಡು ಪುಟ ಇಂಗ್ಲಿಷಿನಲ್ಲಿ ಬರೆದು ಮೂರು ಕಡೆಗೆ ಪೋಸ್ಟ್ ಮಾಡಿದೆ. ಬಂದ ಆರ್ಡರಿನಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಹಿಯರಿಂಗಿನಲ್ಲಿ ಹೇಳಿದ ಸಂಖ್ಯೆಗಳು ಲಾಭದ ನಿರೀಕ್ಷೆಯಲ್ಲಿ ಹೆಚ್ಚಿಸಿದವು, ಮೊದಲ ಸರ್ವೆಯೇ ಅಂತಿಮ ಎಂದಿತ್ತು. ಅದನ್ನು ಕನ್ನಡಕ್ಕೆ ಮಾಡಿ ಹೇಳುವವಳೂ ನಾನೇ. ಹಳ್ಳಿಯ ಕಟ್ಟೆಯ ಮೇಲೆ ನಿಂತು, ನೀವು ಜಾಸ್ತಿ ಹೇಳಿದ್ರಿ ಅಂತಾರೆ ಅಂದೆ.

“ಆರು ಅಂದಾಗ ಯಾರೂ ಬಂದು ನೋಡಲಿಲ್ಲಲ್ರಿ,” ಅಂದಳು ಕುರಿಯಾಕೆ. “ಈಗರ ಬಂದು ನೋಡಬಹುದಿತ್ತು. ರೊಪ್ಪ ಇಲ್ಲೇ ಅದ.”

ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಎಣಿಸಿದ್ದಕ್ಕೇ ಹೀಗಾಯಿತು ಎಂದು ಆಕೆಗೆ ಕಡೆಯವರೆಗೂ ನಂಬಿಕೆ. ಇಂಗ್ಲಿಷಿನಲ್ಲಿ ಎಣಿಸಿದ್ದು ಎಂದರೆ ಕೇಳುವವಳಲ್ಲ.

ಬೇಲಿ ಬಂತು. ಕಲ್ಲಿನ ಕಂಬ, ಐದೆಳೆ ಮುಳ್ಳುತಂತಿ, ಗುಣಿ ತೋಡಿ ಮೊಳಕಾಲುದ್ದದ ಸಸಿ. ಕುರಿಗಳು ಅಭ್ಯಾಸ ಬಲದಿಂದ ಬೆಳಗ್ಗೆ ತಾವಾಗಿಯೇ ಅತ್ತ ನಡೆದು ತಂತಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದವು. ಆಕೆಯ ಗಂಡ ಅವನ್ನು ರಸ್ತೆಯ ಅಂಚಿನಲ್ಲಿ, ಹಳ್ಳದ ಜಾಲಿಯ ಕೆಳಗೆ ತಿರುಗಿಸಿದ. ಲಾರಿಗೆ ಎರಡು ಸಿಕ್ಕವು.

ನಮ್ಮ ಒಣಭೂಮಿ ಅಷ್ಟು ಮಂದೆಗೆ ನಾಲ್ಕು ದಿನಕ್ಕೂ ಸಾಲದು. ನನಗೆ ಹುಚ್ಚು ಹಿಡಿದ ಹಾಗಾಗಿತ್ತು. ಮಡಕಶಿರಾದಲ್ಲಿ ನನ್ನ ತಮ್ಮನಿಗೆ ಒಂದಿಷ್ಟು ಬೀಳುಭೂಮಿ ಇದೆ, ಅವನನ್ನು ಕೇಳಿ ಆ ಮಂದೆಯನ್ನು ಅಲ್ಲಿಗೆ ಕಳಿಸಿಬಿಡೋಣ ಅನ್ನಿಸಿತು. ಫೋನಿನಲ್ಲಿ ಕೇಳಿದರೆ ಇಲ್ಲ ಅಂದಾನು ಎಂದು ಹೇಳದೆ ಹೊರಟೆ. ಕುರಿಯಾಕೆಯನ್ನೂ ಕರೆದುಕೊಂಡೆ. ಬಸ್ಸಿನಲ್ಲಿ ಆಕೆ ಕಿಟಕಿಯಿಂದ ನೋಡುತ್ತಾ, ಮಂದೆ ಎಲ್ಲೆಲ್ಲಿ ಇಳಿಯಬಹುದು, ನೀರು ಎಲ್ಲಿ ಇದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ಎಷ್ಟೋ ದಿನದ ಮೇಲೆ ಮುಖ ಸ್ವಲ್ಪ ಬಿಚ್ಚಿತ್ತು.

ತಮ್ಮನ ಹೆಂಡತಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಉಂಡ ಮೇಲೆ ವಿಷಯ ಹೇಳಿದೆ. ತಮ್ಮ ತಲೆ ಕೆರೆದುಕೊಂಡ.

“ಅಯ್ಯೋ ಅಕ್ಕಯ್ಯ, ಅದನ್ನ ಸೋಲಾರ್‌ನೋರಿಗೆ ಕೊಟ್ಬಿಟ್ಟಿದೀನಲ್ಲ. ಲೀಸಿಗೆ. ನಾನು ಸತ್ತ ಮ್ಯಾಲೂ ಇರ್ತದೆ ಆ ಲೀಸು.”

“ನನಗೆ ಹೇಳ್ಲೇ ಇಲ್ವಲ್ಲೋ.”

“ನೀನೇನು ಉಳಾಕ್ ಬತ್ತಿದ್ಯಾ? ಹಿಪ್ಪುನೇರಳೆಗೆ ಆಳಿಲ್ಲ. ಎಲ್ಲಾ ಗಾರ್ಮೆಂಟ್‌ಗೆ ಹೋದ್ರು. ನಾನೇನ್ ಮಾಡ್ಲಿ ಹೇಳು.”

ಹೋಗಿ ನೋಡಿದೆವು. ನಾನು ಚಿಕ್ಕಂದಿನಲ್ಲಿ ಕಡಲೆಕಾಯಿ ಕಿತ್ತ ಹೊಲದ ತುಂಬಾ ಕಪ್ಪು ಗಾಜಿನ ಹಲಗೆಗಳು ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಕುರಿಯಾಕೆ ಬೇಲಿಯ ಹತ್ತಿರ ಕೂತು ಕೆಳಗೆ ಬಗ್ಗಿ ನೋಡಿದಳು.

“ಒಳಗ ಹುಲ್ಲು ಐತಿ ನೋಡ್ರಿ. ನೆರಳಿಗೆ ಛಲೋ ಬಂದೈತಿ. ಇದನ್ನ ಯಾರು ಮೇಯಿಸ್ತಾರ?”

“ಯಾರೂ ಇಲ್ಲ ಕಣಮ್ಮ. ಮೆಷಿನ್ ತಂದು ಕತ್ತರಿಸ್ತಾರೆ,” ಅಂದ ತಮ್ಮ.

“ಕತ್ತರಿಸಿ?”

“ಆಚೆ ಎಸೀತಾರೆ.”

“ನಮ್ಮ ಕುರಿ ಬಿಟ್ರ ಮೆಷಿನ್ ಖರ್ಚು ಉಳೀತದಲ್ರಿ. ಕೇಳಿ ನೋಡ್ರಿ ಒಂದ್ಸಲ.”

ತಮ್ಮ ಪಾಪ ಅಲ್ಲಿಂದಲೇ ಫೋನ್ ಮಾಡಿ ಕೇಳಿದ. ವೈರು ಕಡಿಯುತ್ತವೆ, ಆಗುವುದಿಲ್ಲ ಅಂದರಂತೆ. ಮರಳುವ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ನೋಡಲಿಲ್ಲ.

ಮಂದೆ ಮಾರಿದ ದಿನ ನಾನು ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರ ಇರಲಿಲ್ಲ. ಆಕೆಯ ಗಂಡ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಆಕೆ ಷೇರ್ ಆಟೋದಲ್ಲಿ ರಾಯದುರ್ಗಕ್ಕೆ ಬರತೊಡಗಿದಳು. ಎಸ್ಟೇಟ್ ಇನ್ನೂ ಎದ್ದಿರಲಿಲ್ಲ, ನಮ್ಮ ಓಣಿಯ ಹಿಂದಿನ ಶೆಡ್ಡಿನಲ್ಲೇ ಪ್ಯಾಂಟಿನ ದಾರ ಕತ್ತರಿಸುವ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಮಜ್ಜಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಬೇಡ ಅನ್ನುತ್ತಿರಲಿಲ್ಲ. ಕುಡಿದು ಲೋಟ ತೊಳೆದು ಕೊಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

“ಈಗ ದಿನಾ ಎಣಿಸಿ ಹೇಳ್ತೀನ್ರಿ,” ಅಂದಳು ಒಮ್ಮೆ. “ಸಂಜಿಕ ಸೂಪರ್‌ವೈಸರ್ ಹುಡುಗಿ ಕೇಳ್ತಾಳ, ಎಷ್ಟು ಪೀಸ್ ಅಂತ. ಮೊದಲು ನಾಚಿಕಿ ಆಗ್ತಿತ್ತು. ಕಡಿಮಿ ಹೇಳಿಬಿಡ್ತಿದ್ದೆ. ಕೂಲಿ ಕಡಿಮಿ ಬಂತು.”

ಪಕ್ಕದಲ್ಲಿದ್ದವಳು, “ಈಕಿ ತೊಂಬತ್ತು ಮಾಡಿ ಒಂಬತ್ತು ಅಂತಾಳ್ರಿ,” ಎಂದು ನಕ್ಕಳು. ಆಕೆಯೂ ನಕ್ಕಳು. ನನಗೆ ಆಗಲಿಲ್ಲ.

ಎರಡು ಮಳೆಗಾಲ ಕಳೆಯಿತು. ಬೇಲಿಯೊಳಗಿನ ಸಸಿಗಳು ಮುಕ್ಕಾಲು ಪಾಲು ಒಣಗಿದವು. ಆದರೆ ಮೇಯುವವರಿಲ್ಲದೆ ಕರಡ ಹುಲ್ಲು ಎದೆಮಟ್ಟ ಬೆಳೆದು, ಬೇಸಿಗೆಗೆ ಬೆಳ್ಳಗೆ ಒಣಗಿ ನಿಂತಿತು. ಆ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಅವನು ಬೇರೆ ಕಂಪನಿ ಸೇರಿದ್ದ. “ಸಾರಿ ಮೇಡಂ,” ಅಂದ, ನಿಜವಾಗಿಯೂ ನೊಂದವನ ಹಾಗೆ. ಮಂಡಲ ಆಫೀಸಿಗೆ ಅರ್ಜಿ ಬರೆದೆ. ಹುಲ್ಲು ಕೊಯ್ದುಕೊಳ್ಳಲಾದರೂ ಬಿಡಿ ಎಂದು ಕೇಳಿದೆ. ಅಕ್ಷರ ಆಗಲೇ ನಡುಗುತ್ತಿತ್ತು.

ಆ ಮಧ್ಯಾಹ್ನ ಶೆಡ್ಡಿನ ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ನಾನು ಮಜ್ಜಿಗೆ ಸುರಿಯುತ್ತಿದ್ದೆ. ಯಾರೋ “ಅಲ್ಲಿ ನೋಡ್ರಿ” ಅಂದರು. ಗುಮ್ಮಘಟ್ಟದ ಕಡೆ, ಗುಡ್ಡದ ಮೈಯಿಂದ ಹೊಗೆ ಏಳುತ್ತಿತ್ತು. ಮೊದಲು ಒಂದು ಎಳೆ. ನೋಡುತ್ತಿದ್ದ ಹಾಗೆ ಅದು ಅಗಲವಾಗಿ, ಬಿಳಿ ಹೋಗಿ ಹಳದಿಗಪ್ಪಾಯಿತು.

ಕುರಿಯಾಕೆ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತಳು. ನನ್ನ ಕಣ್ಣಿಗೆ ಅದು ಬರೀ ಹೊಗೆ. ಆಕೆ ಜಾಗದ ಹೆಸರು ಹೇಳುತ್ತಾ ಹೋದಳು.

“ಮರಿಬಂಡಿ ಹತ್ತಿತು. ಈಗ ಕಾರಿಮಟ್ಟಿ. ಗಾಳಿ ಹಿಂಗ ಅದ, ಅಜ್ಜನ ಹಳ್ಳಕ್ಕ ಇಳೀತದ ಇನ್ನ.”

“ಯಾರಾರ ಬೀಡಿ ಒಗದಿರಬೇಕು,” ಅಂದಳೊಬ್ಬಳು.

“ಬೀಡಿ ಯಾವಾಗ್ಲೂ ಒಗೀತಿದ್ರು,” ಅಂದಳು ಆಕೆ. “ಹುಲ್ಲು ಇಷ್ಟು ಇರತಿರಲಿಲ್ಲ.” ಪಾದದ ಗಂಟಿನ ಹತ್ತಿರ ಕೈ ಹಿಡಿದು ತೋರಿಸಿದಳು. ಕುರಿ ಇದ್ದಾಗ ಹುಲ್ಲು ಇರುತ್ತಿದ್ದ ಎತ್ತರ ಅದು.

ನಾನು ಫೋನ್ ತೆಗೆದು ಫೈರ್ ಸರ್ವಿಸಿಗೆ ಮಾಡಿದೆ. ಗಾಡಿ ಇನ್ನೊಂದು ಬೆಂಕಿಗೆ ಹೋಗಿದೆ, ಯಾವುದು ಮೊದಲು ಎಂದು ನೋಡಬೇಕು ಎಂದು ಆಚೆಯವನು ತೆಲುಗಿನಲ್ಲಿ ಹೇಳಿ, ಅಲ್ಲಿ ಮನೆಗಳಿವೆಯೇ ಅಂದ. ಗಾಳಿ ಹಳ್ಳಿಯಿಂದ ಆಚೆಗೆ ಬೀಸುತ್ತಿತ್ತು, ಇಲ್ಲ ಅಂದೆ. ದನ, ಕುರಿ ಏನಾದರೂ ಒಳಗೆ ಸಿಕ್ಕಿಕೊಂಡಿವೆಯೇ ಅಂದ.

ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲ,” ಅಂದೆ. “ಒಂದೂ ಇಲ್ಲ.”

ಹಾಗಾದರೆ ಇಲ್ಲಿಯದು ಮುಗಿಸಿಕೊಂಡು ಬರುತ್ತೇವೆ ಎಂದು ಇಟ್ಟುಬಿಟ್ಟ.

“ಏನಂದ್ರು?” ಎಂದು ಕುರಿಯಾಕೆ ಕೇಳಿದಳು.

“ಆಮೇಲೆ ಬರ್ತಾರಂತೆ.”

ಆಕೆ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಕೆಳಗೆ ಗಂಟೆ ಹೊಡೆಯಿತು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಕಬ್ಬಿಣದ ಮೆಟ್ಟಿಲು ಇಳಿದರು. ಆಕೆ ಕಡೆಯವಳು. ಎರಡು ಮೆಟ್ಟಿಲು ಇಳಿದವಳು ನಿಂತು, “ನೀವೂ ಇಳೀರಿ, ಬಿಸಿಲು,” ಅಂದಳು. ನಾನು ಇಳಿಯಲಿಲ್ಲ. ಕೆಳಗೆ ಮೆಷಿನ್ನುಗಳು ಒಟ್ಟಿಗೇ ಶುರುವಾದವು, ಕಾಲ ಕೆಳಗಿನ ತಾರಸಿ ನಡುಗತೊಡಗಿತು. ಅಜ್ಜನ ಹಳ್ಳ ಯಾವ ಕಡೆ ಎಂದು ನನಗೆ ಗೊತ್ತಿಲ್ಲ. ಹೊಗೆ ಎಲ್ಲಿ ಇಳಿಯುತ್ತದೋ ಅದೇ ಇರಬೇಕು ಎಂದು ನೋಡುತ್ತಾ ನಿಂತೆ.